ಕಾಫಿ ಬಿಟ್ಟೆ, ಏಫಿಬ್ ನನ್ನನ್ನು ಬಿಡಲಿಲ್ಲ

ರಾತ್ರಿ 2 ಗಂಟೆ 40 ನಿಮಿಷಕ್ಕೆ ಎಚ್ಚರವಾಯಿತು. ಯಾಕೆ ಅಂತ ಗೊತ್ತಾಗಲಿಲ್ಲ. ಕನಸು ಬಿದ್ದಿರಲಿಲ್ಲ, ಮನೆಯಲ್ಲಿ ಸದ್ದೂ ಆಗಿರಲಿಲ್ಲ. ಒಂದೆರಡು ಕ್ಷಣ ಆದ ಮೇಲೆ ತಿಳಿಯಿತು, ಸದ್ದು ನನ್ನೊಳಗಿನದು. ಮುಷ್ಟಿಯಲ್ಲಿ ಹಿಡಿದ ಗುಬ್ಬಚ್ಚಿ ಒದ್ದಾಡಿದ ಹಾಗೆ ಎದೆ ಒದ್ದಾಡುತ್ತಿತ್ತು. ಮೆಟ್ಟಿಲು ಹತ್ತಿ ಬಂದಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಬೇರೆ. ಅದರಲ್ಲಿ ಒಂದು ತಾಳ ಇರುತ್ತದೆ. ಇದಕ್ಕೆ ತಾಳವೇ ಇರಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸಲು ಹೋದೆ. ಎರಡು ಬಡಿತ ಬೇಗ ಬೇಗ, ಆಮೇಲೆ ಸುಮ್ನೆ, ಆಮೇಲೆ ಮೂರು ಒಟ್ಟೊಟ್ಟಿಗೆ, ಮತ್ತೆ ಎಲ್ಲೋ ಒಂದು. ಎಣಿಸುವುದನ್ನು ಬಿಟ್ಟುಬಿಟ್ಟೆ.

ವಿಚಿತ್ರ ಅಂದರೆ ಬೆಳಗಾಗುವಷ್ಟರಲ್ಲಿ ಐದು ಸಲ ಬಾತ್‌ರೂಮಿಗೆ ಹೋಗಿದ್ದೆ. ಹೆದರಿಕೆಗೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಹೃದಯದ ಮೇಲಿನ ಕೋಣೆಗಳು ಹೀಗೆ ಅದುರಿದಾಗ ಅವುಗಳ ಗೋಡೆ ಹಿಗ್ಗಿ ಒಂದು ಹಾರ್ಮೋನು ಹೊರಗೆ ಬರುತ್ತದಂತೆ, ಅದು ಕಿಡ್ನಿಗೆ ಹೋಗಿ ನೀರು ಬಿಡು ಅನ್ನುತ್ತದಂತೆ. ಇಷ್ಟು ಕಷ್ಟದ ನಡುವೆ ಇದೊಂದು ಬೇಕಿತ್ತಾ ಅನ್ನಿಸಿತು.

ಆಗ ನನಗೆ 49. ಬಿಪಿಗೆ ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದೆ, ಅದು ಬಿಟ್ಟರೆ ನಾನು ಗಟ್ಟಿಮುಟ್ಟು ಅಂತಲೇ ನನ್ನ ನಂಬಿಕೆ. ಬೆಳಿಗ್ಗೆ ಎಮರ್ಜೆನ್ಸಿಗೆ ಹೋದೆವು. ನಾಡಿ 148. ಇಸಿಜಿ ತೆಗೆದರು. ಡ್ಯೂಟಿಯಲ್ಲಿದ್ದ ಡಾಕ್ಟರ್ ಹಾಳೆಯನ್ನು ನನ್ನ ಕಡೆ ತಿರುಗಿಸಿ ಪೆನ್ನಿನಿಂದ ತೋರಿಸಿದರು: "ಇಲ್ಲಿ ನೋಡಿ, ಪ್ರತಿ ದೊಡ್ಡ ಗೆರೆಗೂ ಮುಂಚೆ ಒಂದು ಸಣ್ಣ ಗುಡ್ಡ ಇರಬೇಕು, ನಿಮ್ಮದರಲ್ಲಿ ಇಲ್ಲ. ಗೆರೆಗಳ ನಡುವಿನ ಅಂತರ ಒಂದರ ಹಾಗೆ ಇನ್ನೊಂದಿಲ್ಲ. ಇದು ಏಟ್ರಿಯಲ್ ಫಿಬ್ರಿಲೇಷನ್." ಎಲ್ಲರೂ ಅದನ್ನು ಏಫಿಬ್ ಅಂತಲೇ ಕರೆಯುತ್ತಾರೆ ಅಂತಲೂ ಹೇಳಿದರು. ಬಡಿತ ನಿಧಾನ ಮಾಡಲು ಮಾತ್ರೆ ಕೊಟ್ಟರು. ಮಧ್ಯಾಹ್ನ ಎರಡರ ಹೊತ್ತಿಗೆ ಎದೆಯೊಳಗೆ ಒಂದು ಸಣ್ಣ ಜಿಗಿತ ಆದ ಹಾಗಾಯಿತು, ಅಷ್ಟೇ, ಎಲ್ಲ ನಿಂತಿತು. ನಿಶ್ಶಬ್ದ ಅಂದರೆ ಏನು ಅಂತ ಆಗ ತಿಳಿಯಿತು.

ನನಗೆ ಅರ್ಥವಾದ ಮಟ್ಟಿಗೆ ವಿಷಯ ಇಷ್ಟು. ಹೃದಯದ ಮೇಲಿನ ಕೋಣೆಗಳಿಗೆ ಒಂದೇ ಕಡೆಯಿಂದ ಕರೆಂಟಿನ ಅಪ್ಪಣೆ ಬರಬೇಕು, ನಿಮಿಷಕ್ಕೆ ಅರವತ್ತೋ ಎಪ್ಪತ್ತೋ. ಏಫಿಬ್‌ನಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಅಪ್ಪಣೆಗಳು ಎಲ್ಲೆಂದರಲ್ಲಿ ಸುತ್ತುತ್ತವೆ. ಕೋಣೆ ಬಡಿಯುವುದಿಲ್ಲ, ಸುಮ್ನೆ ಅದುರುತ್ತದೆ. ನಡುವೆ ಒಂದು ಗೇಟು ಇರುವುದರಿಂದ ಅಷ್ಟೂ ಕೆಳಗಿನ ಕೋಣೆಗೆ ಇಳಿಯುವುದಿಲ್ಲ, ಸಿಕ್ಕಷ್ಟು ಇಳಿಯುತ್ತವೆ, ಅದಕ್ಕೇ ನಾಡಿ ಅಡ್ಡಾದಿಡ್ಡಿ. ಅದುರುವ ಕೋಣೆಯಲ್ಲಿ ರಕ್ತ ನಿಂತ ನೀರಿನ ಹಾಗಾಗಿ ಗಡ್ಡೆ ಕಟ್ಟಬಹುದು, ಆ ಗಡ್ಡೆ ಮೆದುಳಿಗೆ ಹೋದರೆ ಸ್ಟ್ರೋಕ್. ಏಫಿಬ್‌ನಲ್ಲಿ ನಿಜವಾಗಿ ಹೆದರಬೇಕಾದದ್ದು ಇದಕ್ಕೆ, ಎದೆ ಡವಡವ ಅನ್ನುವುದಕ್ಕಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಸ್ಟ್ರೋಕ್ ಆಗಿದೆಯಾ, ಇಂಥವನ್ನೆಲ್ಲ ಕೂಡಿಸಿ ಡಾಕ್ಟರ್ ಒಂದು ಸ್ಕೋರ್ ಹಾಕುತ್ತಾರೆ, ರಕ್ತ ತೆಳು ಮಾಡುವ ಮಾತ್ರೆ ಬೇಕೋ ಬೇಡವೋ ಅಂತ ಅದರ ಮೇಲೆ ಯೋಚಿಸುತ್ತಾರೆ. ನನಗೆ ಬಿಪಿಗೆ ಒಂದು ಅಂಕ. ಸದ್ಯಕ್ಕೆ ಬೇಡ, ನೋಡೋಣ ಅಂದರು.

ಮುಂದಿನ ವಾರ ಹೃದಯದ ಡಾಕ್ಟರ ಹತ್ತಿರ ಹೋದೆ. ರಕ್ತದಲ್ಲಿ ಥೈರಾಯ್ಡ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಸಿದರು. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಅದೊಂದೇ ಸಾಕು ಏಫಿಬ್ ಬರಿಸಲು, ಆದ್ದರಿಂದ ಆ ಟೆಸ್ಟ್ ಮಾಡದೆ ಮುಂದೆ ಹೋಗುವುದಿಲ್ಲವಂತೆ. ನನ್ನದು ಎಲ್ಲ ಸರಿಯಾಗಿತ್ತು. ಎಕೋ ಅಂದರೆ ಹೃದಯದ ಸ್ಕ್ಯಾನ್, ಅದರಲ್ಲಿ ಎಡ ಮೇಲಿನ ಕೋಣೆ ಸ್ವಲ್ಪ ದೊಡ್ಡದಾಗಿದೆ ಅಂತ ಬಂತು, ಸ್ವಲ್ಪವೇ. ಆಮೇಲೆ ಅವರು ಕೇಳಿದರು: "ಅದರ ಹಿಂದಿನ ದಿನ ಏನೇನು ಮಾಡಿದಿರಿ?"

ನಾನು ತಕ್ಷಣ ಹೇಳಿದೆ, "ಕಾಫಿ ಜಾಸ್ತಿ ಆಗಿತ್ತು ಸಾರ್. ನಾಲ್ಕು ಲೋಟ."

ನಿಜವೇ, ನಾಲ್ಕು ಲೋಟ ಕುಡಿದಿದ್ದೆ. ಆದರೆ ಹಿಂದಿನ ಇಪ್ಪತ್ತು ವರ್ಷವೂ ದಿನಾ ನಾಲ್ಕು ಲೋಟ ಕುಡಿದಿದ್ದೆ. ಅದನ್ನು ಹೇಳಲಿಲ್ಲ. ಆ ಸಂಜೆ ಹಳೆಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಇತ್ತು, ಅಲ್ಲಿ ನಾಲ್ಕು ಪೆಗ್ ಹಾಕಿದ್ದೆ, ಅದನ್ನೂ ಹೇಳಲಿಲ್ಲ. ಸುಳ್ಳು ಹೇಳಬೇಕು ಅಂತಲ್ಲ. ಅದು ನನ್ನ ತಲೆಗೇ ಬರಲಿಲ್ಲ, ಬರದ ಹಾಗೆ ತಲೆಯೇ ನೋಡಿಕೊಂಡಿತ್ತು ಅಂತ ಈಗ ಅನ್ನಿಸುತ್ತದೆ.

ಕಾಫಿ ಬಿಟ್ಟೆ. ಮೂರು ದಿನ ತಲೆನೋವು, ನಾಲ್ಕನೇ ದಿನ ಎಲ್ಲರ ಮೇಲೂ ಸಿಡುಕು. ಇಪ್ಪತ್ತೆರಡನೇ ದಿನ ರಾತ್ರಿ ಮತ್ತೆ ಗುಬ್ಬಚ್ಚಿ.

ಅಲ್ಲಿಂದ ಎರಡು ತಿಂಗಳು ನಾನು ನಡೆಸಿದ ಪತ್ತೇದಾರಿಕೆ ನೆನೆಸಿಕೊಂಡರೆ ನಗು ಬರುತ್ತದೆ. ಎಡಮಗ್ಗುಲು ಮಲಗಿದ್ದಾಗ ಶುರುವಾಯಿತು, ಎಡಮಗ್ಗುಲು ಬಂದ್. ಫ್ರಿಜ್ಜಿನ ತಣ್ಣನೆ ನೀರು ಗಟಗಟ ಕುಡಿದಾಗ ಎದೆಯಲ್ಲಿ ಒಂದು ಬಡಿತ ತಪ್ಪಿದ ಹಾಗಾಯಿತು, ತಣ್ಣೀರು ಬಂದ್. ಬಗ್ಗಿ ಬೂಟಿನ ಲೇಸು ಕಟ್ಟುವಾಗ, ಹೊಟ್ಟೆ ತುಂಬ ಉಂಡು ಕೂತಾಗ, ಬಾಸ್ ಜೊತೆ ಜಗಳವಾದಾಗ. ತಮಾಷೆ ಅಂದರೆ ಇವು ಯಾವುವೂ ಪೂರ್ತಿ ಕಟ್ಟುಕತೆಯಲ್ಲ. ಕೆಲವರಿಗೆ ಊಟ ಆದ ಮೇಲೆ, ವಿಶ್ರಾಂತಿಯಲ್ಲಿ, ನಿದ್ದೆಯಲ್ಲೇ ಬರುತ್ತದೆ. ಹೃದಯವನ್ನು ನಿಧಾನ ಮಾಡುವ ವೇಗಸ್ ನರದ ಜೋರು ಆಗ ಜಾಸ್ತಿ ಇರುತ್ತದೆ. ಇನ್ನು ಕೆಲವರಿಗೆ ಓಡುವಾಗ, ಸಿಟ್ಟು ಬಂದಾಗ, ಅಡ್ರಿನಲಿನ್ ಏರಿದಾಗ ಬರುತ್ತದೆ. ತಣ್ಣನೆಯ ಪಾನೀಯ ಕುಡಿದ ಕೂಡಲೇ ಏಫಿಬ್ ಶುರುವಾದವರ ಬಗ್ಗೆ ಡಾಕ್ಟರುಗಳೇ ಬರೆದಿದ್ದಾರೆ. ಅಂದರೆ ಪಟ್ಟಿ ನಿಜ, ಆದರೆ ಅದರಲ್ಲಿ ನನ್ನದು ಯಾವುದು ಅಂತ ಕಂಡುಹಿಡಿಯುವ ನನ್ನ ದಾರಿ ಪೂರ್ತಿ ತಪ್ಪಾಗಿತ್ತು.

ತಪ್ಪು ಎಲ್ಲಿ ಅಂತ ತೋರಿಸಿದ್ದು ಡಾಕ್ಟರಲ್ಲ, ಇಡೀ ದಿನದ ಇಸಿಜಿ ಹಿಡಿದಿಡುವ ಹೋಲ್ಟರ್ ಯಂತ್ರ ಹಚ್ಚಲು ಬಂದ ಟೆಕ್ನಿಷಿಯನ್ ಹುಡುಗಿ. ಎದೆಗೆ ವೈರು ಅಂಟಿಸುತ್ತಾ ಕೇಳಿದಳು, "ಸಾರ್, ಬಂದ ದಿನ ಏನು ಮಾಡಿದಿರಿ ಅಂತ ಬರೆದಿಟ್ಟಿದ್ದೀರಾ?" ಹೆಮ್ಮೆಯಿಂದ ಫೋನ್ ತೋರಿಸಿದೆ. ನೋಡಿದಳು. "ಬರದೇ ಇರುವ ದಿನದ್ದು?"

ಇಲ್ಲ. ಯಾಕೆ ಬರೆಯಬೇಕು?

"ಬಂದ ದಿನ ತಣ್ಣೀರು ಕುಡಿದಿದ್ದೀರಿ, ಸರಿ. ಬರದೇ ಇರುವ ದಿನವೂ ಕುಡಿದಿದ್ದರೆ?"

ಅಷ್ಟೇ ಮಾತು. ಮನೆಗೆ ಬಂದು ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಗೆರೆ ಹಾಕಿದೆ. ಏನಾದರೂ ಆಗಲಿ ಬಿಡಲಿ, ದಿನಕ್ಕೊಂದು ಸಾಲು. ಎಷ್ಟು ಗಂಟೆ ನಿದ್ದೆ, ಎಷ್ಟು ಕಾಫಿ, ಎಷ್ಟು ಪೆಗ್, ವ್ಯಾಯಾಮ ಎಷ್ಟು ಹೊತ್ತು, ರಾತ್ರಿ ಊಟ ಎಷ್ಟು ಗಂಟೆಗೆ, ಬೇರೆ ಔಷಧ ಏನಾದರೂ, ಬೆಳಗಿನ ಬಿಪಿ. ಒಂದು ನಿಯಮ: ರಾತ್ರಿ ಮಲಗುವ ಮುಂಚೆಯೇ ಆ ದಿನದ್ದು ಬರೆದುಬಿಡಬೇಕು. ಬಂದ ಮೇಲೆ ಬರೆದರೆ ನೆನಪು ಬೇಕಾದ ಹಾಗೆ ಕತೆ ಕಟ್ಟುತ್ತದೆ. ಕಾಫಿಗೆ ಮಾತ್ರ ಬೇರೆ ವ್ಯವಸ್ಥೆ: ಒಂದು ವಾರ ಕುಡಿಯುವುದು, ಒಂದು ವಾರ ಬಿಡುವುದು, ಹೀಗೆ ಸರದಿ. ಡಾಕ್ಟರ್ ಒಪ್ಪಿದರು, ಸ್ವಲ್ಪ ನಕ್ಕರು ಕೂಡ.

ವಾಚಿನ ಬಗ್ಗೆ ಒಂದು ಮಾತು. ಬೆರಳಿಟ್ಟರೆ 30 ಸೆಕೆಂಡಿನ ಇಸಿಜಿ ತೆಗೆಯುವ ವಾಚ್ ತೆಗೆದುಕೊಂಡಿದ್ದೆ. ಒಳ್ಳೆಯದೇ, ಯಾಕೆಂದರೆ ಏಫಿಬ್ ಅಂತ ಹೇಳಲು ಅಷ್ಟು ಹೊತ್ತಿನ ಗೆರೆ ಸಾಕು, ಡಾಕ್ಟರಿಗೆ ಪಿಡಿಎಫ್ ಕಳಿಸಬಹುದು. ಆದರೆ ಮೊದಲ ತಿಂಗಳು ನಾನು ದಿನಕ್ಕೆ ಹದಿನೈದು ಸಲ ಬೆರಳಿಟ್ಟೆ. ಒಂಟಿ ಬಡಿತ ತಪ್ಪಿದರೂ ಹಾರಿ ಬೀಳುತ್ತಿದ್ದೆ. ಎಷ್ಟೋ ಸಲ ಅದು "ಹೇಳಲಾಗುತ್ತಿಲ್ಲ" ಅಂತ ಕೈ ಚೆಲ್ಲುತ್ತಿತ್ತು, ಆ ಉತ್ತರಕ್ಕೇ ನನ್ನ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತಿತ್ತು. ಆಮೇಲೆ ದಿನಕ್ಕೆ ಎರಡೇ ಸಲ, ಇಲ್ಲ ನಿಜಕ್ಕೂ ಏನೋ ಆದಾಗ ಮಾತ್ರ ಅಂತ ಕಟ್ಟು ಹಾಕಿಕೊಂಡೆ.

120 ದಿನ ಬರೆದೆ. ಆರು ಸಲ ಬಂತು.

ಮೊದಲು ಕಾಫಿಯ ಲೆಕ್ಕ ತೆಗೆದೆ. ಕುಡಿದ ವಾರಗಳಲ್ಲಿ ಎರಡು, ಬಿಟ್ಟ ವಾರಗಳಲ್ಲಿ ನಾಲ್ಕು. ಎರಡು ನಾಲ್ಕು ಅನ್ನುವುದು ಸಣ್ಣ ಲೆಕ್ಕ, ಇದರಿಂದ ಕಾಫಿಯೇ ಔಷಧ ಅಂತ ಹೇಳಲಾಗುವುದಿಲ್ಲ, ಆದರೆ ಅಪರಾಧಿ ಅಂತಲೂ ಹೇಳಲಾಗುವುದಿಲ್ಲ ಅಲ್ವಾ? ಓದಲು ಹೋದರೆ ನನ್ನಂಥವರೇ ತುಂಬಿದ್ದರು. 2021ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ, ಸುಮಾರು 500 ಏಫಿಬ್ ರೋಗಿಗಳದ್ದು. ಅದರಲ್ಲಿ ಕೆಲವರಿಗೆ ನಿಮ್ಮ ಅನುಮಾನ ಯಾವುದರ ಮೇಲೋ ಅದನ್ನೇ ವಾರ ಬಿಟ್ಟು ವಾರ ಪರೀಕ್ಷೆ ಮಾಡಿ ನೋಡಿ ಅಂದಿದ್ದರು, ಹೆಚ್ಚು ಜನ ಆರಿಸಿಕೊಂಡದ್ದು ಕೆಫೀನನ್ನು. ಕೊನೆಗೆ ಏಫಿಬ್ ಜೊತೆ ಸ್ಪಷ್ಟವಾಗಿ ತಳುಕು ಹಾಕಿಕೊಂಡದ್ದು ಮದ್ಯ ಒಂದೇ. 2023ರಲ್ಲಿ ಆರೋಗ್ಯವಂತರಾದ 100 ಜನರನ್ನು ಇಟ್ಟುಕೊಂಡು ನೋಡಿದಾಗ, ಕಾಫಿ ಕುಡಿದ ದಿನ ಮೇಲಿನ ಕೋಣೆಯ ಹೆಚ್ಚುವರಿ ಬಡಿತಗಳು ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೆ ನಿದ್ದೆ ಸುಮಾರು 36 ನಿಮಿಷ ಕಡಿಮೆಯಾಯಿತು. ಈ 36 ನಿಮಿಷ ನನಗೆ ನೆನಪಿನಲ್ಲಿ ಉಳಿಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ. 2025ರಲ್ಲಿ ಇನ್ನೊಂದು ಬಂತು: ಶಾಕ್ ಕೊಟ್ಟು ಸರಿಮಾಡಿಸಿಕೊಂಡ 200 ಜನರಲ್ಲಿ ಅರ್ಧ ಜನ ಕಾಫಿ ಮುಂದುವರಿಸಿದರು, ಅರ್ಧ ಜನ ಬಿಟ್ಟರು. ಆರು ತಿಂಗಳಲ್ಲಿ ಕುಡಿದವರಲ್ಲಿ 47 ಶೇಕಡ, ಬಿಟ್ಟವರಲ್ಲಿ 64 ಶೇಕಡ ಜನರಿಗೆ ಮತ್ತೆ ಬಂತು. ಯಾರಿಗಾದರೂ ಕಾಫಿಯಿಂದ ಬಂದೇ ಬರುತ್ತದೆ ಅಂತಾದರೆ ಅವರು ಬಿಡಲಿ, ಬೇಡ ಅನ್ನುವುದಿಲ್ಲ. ನಾನು ಮಾತ್ರ ಆ ತಲೆನೋವು, ಸಿಡುಕು ಎಲ್ಲ ದಂಡಕ್ಕೆ ಅನುಭವಿಸಿದೆ.

ಇನ್ನು ಮದ್ಯ. ಆ ಕಾಲಮ್ಮನ್ನು ಕೊನೆಗೆ ನೋಡಿದೆ. ಅದೂ ಬೇಕಂತಲೇ. 120ರಲ್ಲಿ 14 ರಾತ್ರಿ ಕುಡಿದಿದ್ದೆ. ಆ 14ರಲ್ಲಿ ಮೂರು ಸಲ ಬಂದಿತ್ತು. ಉಳಿದ 106 ರಾತ್ರಿಯಲ್ಲೂ ಮೂರು ಸಲ. ಈ ಲೆಕ್ಕ ಮಾಡಲು ಕ್ಯಾಲ್ಕುಲೇಟರ್ ಬೇಕಾಗಿಲ್ಲ.

ಆದರೂ ಒಂದು ವಾರ ವಾದ ಮಾಡಿದೆ, ನನ್ನ ಜೊತೆ ನಾನೇ. ಕುಡಿದ 11 ರಾತ್ರಿ ಏನೂ ಆಗಲಿಲ್ಲವಲ್ಲ? ಕುಡಿಯುವಾಗ ಆಗುವುದಿಲ್ಲವಲ್ಲ, ಆರೇಳು ಗಂಟೆ ಆದ ಮೇಲೆ ತಾನೇ ಆಗುವುದು? ಈ ಎರಡನೆಯ ವಾದವೇ ನನ್ನನ್ನು ಇಷ್ಟು ದಿನ ಮೋಸಗೊಳಿಸಿದ್ದು. ಕಾಫಿ ಕುಡಿದರೆ ಎದೆ ತಕ್ಷಣ ಸ್ವಲ್ಪ ಚುರುಕಾಗುತ್ತದೆ, ಆದ್ದರಿಂದ ಅನುಮಾನ ಅದರ ಮೇಲೆ. ಮದ್ಯ ಆ ಹೊತ್ತಿಗೆ ಹಾಯಾಗಿ ಇರಿಸುತ್ತದೆ, ಬಿಲ್ಲು ಬರುವುದು ನಡುರಾತ್ರಿ. 1978ರಲ್ಲೇ ಅಮೆರಿಕದ ಡಾಕ್ಟರ್ ಫಿಲಿಪ್ ಎಟಿಂಗರ್ ಮತ್ತು ಜೊತೆಗಾರರು ಇದಕ್ಕೆ "ಹಾಲಿಡೇ ಹಾರ್ಟ್" ಅಂತ ಹೆಸರಿಟ್ಟಿದ್ದರು, ವಾರದ ಕೊನೆಗೆ, ರಜೆಗೆ ಜೋರಾಗಿ ಕುಡಿದು ತಾಳ ತಪ್ಪಿದ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಬರುವವರನ್ನು ನೋಡಿ. ನಾನು ಅಂಥ ಕುಡುಕ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ಹೋದೆ. ಅಷ್ಟರಲ್ಲಿ ಆಸ್ಟ್ರೇಲಿಯಾದ 2020ರ ಅಧ್ಯಯನ ಸಿಕ್ಕಿತು. 140 ಜನ, ದಿನಾ ಸರಾಸರಿ ಎರಡು ಮೂರು ಪೆಗ್‌ನವರು, ಅರ್ಧ ಜನರಿಗೆ ಬಿಡಿ ಅಂದರು. ಆರು ತಿಂಗಳಲ್ಲಿ ಬಿಟ್ಟವರಲ್ಲಿ 53 ಶೇಕಡ ಜನರಿಗೆ ಮತ್ತೆ ಬಂತು, ಬಿಡದವರಲ್ಲಿ 73 ಶೇಕಡ. ನೋಡಿ, ಬಿಟ್ಟವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬಂದಿದೆ. ಇದನ್ನು ಓದಿದಾಗಲೇ ನನಗೆ ಮೊದಲ ಸಲ ಅನುಮಾನ ಬಂದದ್ದು, ನಾನು ಹುಡುಕುತ್ತಿರುವುದು ಒಬ್ಬ ಕಳ್ಳನನ್ನು ಅಲ್ಲವೇ ಅಲ್ಲ ಅಂತ.

ನೋಟ್‌ಬುಕ್ ಮತ್ತೆ ತೆರೆದೆ. ಕುಡಿದೂ ಏನೂ ಆಗದ 11 ರಾತ್ರಿಗಳಲ್ಲಿ ಹೆಚ್ಚಿನವು ಒಂದೋ ಎರಡೋ ಪೆಗ್, ಬೇಗ ಊಟ, ಏಳು ಗಂಟೆ ನಿದ್ದೆ. ಬಂದ ಮೂರೂ ರಾತ್ರಿ ಮೂರಕ್ಕಿಂತ ಜಾಸ್ತಿ ಪೆಗ್, ಊಟ ಹನ್ನೊಂದರ ಮೇಲೆ, ಅದರ ಹಿಂದಿನ ರಾತ್ರಿಯೂ ಐದು ಗಂಟೆ ನಿದ್ದೆ. ಒಂದರ ಮೇಲೊಂದು ಹೇರಿಕೊಂಡಿದ್ದೆ. ಮದ್ಯ ಮೇಲಿನ ಕೋಣೆಯ ಜೀವಕೋಶಗಳು ಒಂದು ಬಡಿತದ ನಂತರ ಸುಧಾರಿಸಿಕೊಳ್ಳುವ ಹೊತ್ತನ್ನೇ ಕಡಿಮೆ ಮಾಡುತ್ತದಂತೆ, ಜೊತೆಗೆ ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು ಇಳಿಸುತ್ತದೆ, ನಿದ್ದೆ ಹರಿದು ಹಾಕುತ್ತದೆ. ಗಂಟಲಿನ ಸ್ನಾಯುವನ್ನು ಸಡಿಲ ಬಿಟ್ಟು ಗೊರಕೆಯನ್ನೂ ಜೋರು ಮಾಡುತ್ತದೆ.

ಗೊರಕೆ. ಈ ಕಾಲಮ್ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ.

ಒಂದು ದಿನ ಪುಸ್ತಕ ಮೇಜಿನ ಮೇಲೆ ಬಿಟ್ಟಿದ್ದೆ, ಹೆಂಡತಿ ಓದುತ್ತಾ ಕೂತಿದ್ದಳು. "ಇದರಲ್ಲಿ ಎಲ್ಲ ಇದೆ, ಮುಖ್ಯವಾದದ್ದೇ ಇಲ್ಲವಲ್ಲ," ಅಂದಳು. ಏನು ಅಂತ ಕೇಳಿದೆ. "ನೀವು ರಾತ್ರಿ ಉಸಿರು ನಿಲ್ಲಿಸುತ್ತೀರಲ್ಲ, ಅದು."

"ಯಾವಾಗ?"

"ದಿನಾ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತೀರಿ. ನಾನು ಎಣಿಸುತ್ತಾ ಮಲಗಿರುತ್ತೇನೆ. ಇಪ್ಪತ್ತಕ್ಕೆ ಬಂದರೂ ಉಸಿರು ಬರದಿದ್ದರೆ ಒಂದು ಏಟು ಹಾಕುತ್ತೇನೆ."

"ಮತ್ತೆ ಹೇಳಲೇ ಇಲ್ಲವಲ್ಲ?"

"ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ! ಗೊರಕೆಯಾ, ನಾನಾ, ಅಂತ ನಗುತ್ತಿದ್ದಿರಿ."

ಅವಳು ಹೇಳಿದ್ದು ನಿಜ. ಕಣ್ಣಿಗೆ ಕಾಣದ್ದನ್ನು ಯಾರು ಬರೆಯುತ್ತಾರೆ? ಕೊನೆಯ ಕಾಲಮ್ ಅವಳಿಗೆ ಬಿಟ್ಟುಕೊಟ್ಟೆ.

ಡಾಕ್ಟರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನೋಡಿದರು. ಮನೆಯಲ್ಲೇ ಮಾಡುವ ನಿದ್ದೆಯ ಪರೀಕ್ಷೆ ಬರೆದುಕೊಟ್ಟರು: ಬೆರಳಿಗೆ ಒಂದು ಕ್ಲಿಪ್, ಮೂಗಿಗೆ ಒಂದು ಟ್ಯೂಬ್, ಎದೆಗೆ ಒಂದು ಪಟ್ಟಿ. ಗಂಟೆಗೆ ಸರಾಸರಿ 23 ಸಲ ಉಸಿರು ನಿಲ್ಲುತ್ತಿತ್ತು ಅಥವಾ ತೀರಾ ಇಳಿಯುತ್ತಿತ್ತು. 15ರಿಂದ 30ರ ಒಳಗಿದ್ದರೆ ಮಧ್ಯಮ ಅಂತೆ. ಸ್ಲೀಪ್ ಆಪ್ನಿಯಾ. ಏಫಿಬ್‌ಗೂ ಅದಕ್ಕೂ ಏನು ನೆಂಟಸ್ತಿಕೆ ಅಂತ ಕೇಳಿದೆ. ಗಂಟಲು ಮುಚ್ಚಿಕೊಂಡಿರುವಾಗಲೂ ಎದೆ ಉಸಿರೆಳೆಯಲು ಜಗ್ಗುತ್ತದೆ, ಆ ಜಗ್ಗಾಟಕ್ಕೆ ಹೃದಯದ ತೆಳ್ಳಗಿನ ಮೇಲಿನ ಕೋಣೆಗಳು ಹಿಗ್ಗುತ್ತವೆ, ರಕ್ತದ ಆಮ್ಲಜನಕ ಇಳಿಯುತ್ತದೆ, ಕೊನೆಗೆ ಮೈ ಗಾಬರಿಯಿಂದ ಅಡ್ರಿನಲಿನ್ ಬಿಟ್ಟು ಅರೆ ಎಚ್ಚರ ಮಾಡುತ್ತದೆ. ಗಂಟೆಗೆ 23 ಸಲ, ರಾತ್ರಿಯೆಲ್ಲ, ವರ್ಷಗಟ್ಟಲೆ. ನಾನು ಹಗಲಿನ ಕಾಫಿಯನ್ನು ಹಿಡಿದು ಬಡಿಯುತ್ತಿದ್ದೆ.

ಮಿಕ್ಕ ಮೂರು ಸಲದ್ದೂ ಹೇಳಿಬಿಡುತ್ತೇನೆ. ಒಂದು, ಬಿಸಿಲಿನಲ್ಲಿ ಮೂರು ಗಂಟೆ ಸೈಕಲ್ ಹೊಡೆದು, ಒಂದೇ ಬಾಟಲಿ ನೀರು ಕುಡಿದು, ಬಂದು ಸೋಫಾದ ಮೇಲೆ ಬಿದ್ದುಕೊಂಡಾಗ. ನೀರು, ಉಪ್ಪಿನಂಶ ಎರಡೂ ಹೋಗಿದ್ದವು. ವ್ಯಾಯಾಮ ಕೆಟ್ಟದ್ದು ಅಂತಲ್ಲ, ಹದವಾದದ್ದು ಏಫಿಬ್‌ಗೆ ಒಳ್ಳೆಯದೇ. ವರ್ಷಗಟ್ಟಲೆ ಮಿತಿಮೀರಿ ಓಡುವ, ಸೈಕಲ್ ಹೊಡೆಯುವ ಗಂಡಸರಲ್ಲಿ ಮಾತ್ರ ಏಫಿಬ್ ಜಾಸ್ತಿ ಕಾಣುತ್ತದಂತೆ. ನಾನು ಆ ಮಟ್ಟದವನಲ್ಲ, ಆ ದಿನ ಸುಮ್ನೆ ದಡ್ಡತನ.

ಇನ್ನೊಂದು ಎಲ್ಲದಕ್ಕಿಂತ ಕೆಟ್ಟದ್ದು. ಜ್ವರ, ನೆಗಡಿ. ಜ್ವರವೇ ಸಾಕು ಎದೆಯನ್ನು ಕೆರಳಿಸಲು, ಅದರ ಮೇಲೆ ನಾನು ಕಟ್ಟಿದ ಮೂಗಿಗೆ ಅಂತ ಒಂದು ಮಾತ್ರೆ ತೆಗೆದುಕೊಂಡೆ, ಚೀಟಿ ಇಲ್ಲದೆ. ಅದರಲ್ಲಿ ಸ್ಯೂಡೋಎಫೆಡ್ರಿನ್ ಇತ್ತು. ಮೂಗಿನ ರಕ್ತನಾಳ ಬಿಗಿ ಮಾಡುವ ಆ ಔಷಧ ಅಡ್ರಿನಲಿನ್ ಹಾಗೆಯೇ ಹೃದಯದ ಮೇಲೂ ಕೆಲಸ ಮಾಡುತ್ತದೆ. ಬಿಪಿ ಇರುವವರಿಗೂ ಒಳ್ಳೆಯದಲ್ಲ ಅಂತ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಶುರುವಾದದ್ದು ಮಾರನೇ ದಿನ ಬೆಳಗಿನ ಜಾವವಾದರೂ ನಿಲ್ಲಲಿಲ್ಲ. ನಿಂತರೆ ತಲೆ ಸುತ್ತುತ್ತಿತ್ತು. ಆಸ್ಪತ್ರೆಯಲ್ಲಿ ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ, "ಸರಿಯಾಗಿ ಎಷ್ಟು ಗಂಟೆಗೆ ಶುರುವಾಯಿತು?" ಅಂತ. ಯಾಕೆಂದರೆ ಜಾಸ್ತಿ ಹೊತ್ತು ಆಗಿದ್ದರೆ ಅಷ್ಟರಲ್ಲಿ ಒಳಗೆ ಗಡ್ಡೆ ಕಟ್ಟಿರಬಹುದು, ತಾಳ ಸರಿಹೋದ ಕೂಡಲೇ ಆ ಗಡ್ಡೆ ಹೊರಟುಬಿಡಬಹುದು. ಅಂಥವರಿಗೆ ಮೊದಲು ಮೂರು ವಾರ ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ, ಇಲ್ಲದಿದ್ದರೆ ಅನ್ನನಾಳದೊಳಗೆ ನಳಿಕೆ ಇಳಿಸಿ ಗಡ್ಡೆ ಇಲ್ಲ ಅಂತ ಸ್ಕ್ಯಾನ್‌ನಲ್ಲಿ ನೋಡಿಕೊಳ್ಳುತ್ತಾರೆ. ವಾಚಿನಲ್ಲಿ ಗಂಟೆ ಸಮೇತ ಗೆರೆ ಇತ್ತು, ತೋರಿಸಿದೆ, ಇನ್ನೂ 24 ಗಂಟೆ ಆಗಿರಲಿಲ್ಲ. ವಾಚಿಗೆ ಕೊಟ್ಟ ಹಣ ಆ ದಿನ ವಸೂಲಾಯಿತು. ರಕ್ತ ತೆಳು ಮಾಡುವ ಔಷಧ ಶುರು ಮಾಡಿ, ಮಂಪರು ಬರಿಸಿ, ಎದೆಗೆ ಶಾಕ್ ಕೊಟ್ಟರು. ನನಗೆ ಏನೂ ಗೊತ್ತಾಗಲಿಲ್ಲ. ಕಣ್ಣು ಬಿಟ್ಟು "ಯಾವಾಗ ಕೊಡುತ್ತೀರಿ?" ಅಂತ ಕೇಳಿದೆ, ನರ್ಸ್ ನಕ್ಕರು. ಎದೆಯ ಚರ್ಮ ಎರಡು ದಿನ ಬಿಸಿಲಿಗೆ ಸುಟ್ಟ ಹಾಗಿತ್ತು, ಅಷ್ಟೇ. ರಕ್ತ ತೆಳು ಮಾಡುವ ಮಾತ್ರೆ ನಾಲ್ಕು ವಾರ ತಪ್ಪದೆ ತೆಗೆದುಕೊಳ್ಳಬೇಕು ಅಂದರು, ತಾಳ ಸರಿಯಿದ್ದರೂ ಸರಿ. ಮೇಲಿನ ಕೋಣೆ ಶಾಕ್ ಆದ ಮೇಲೆ ಕೆಲವು ದಿನ ಸುಸ್ತಾಗಿರುತ್ತದೆ, ಗಡ್ಡೆ ಕಟ್ಟುವ ಅಪಾಯ ಆಗಲೂ ಇರುತ್ತದೆ.

ಆರನೆಯದು, ಒಂದು ಮಂಗಳವಾರ. ಒಳ್ಳೆಯ ನಿದ್ದೆ, ಕುಡಿದಿಲ್ಲ, ಜಗಳ ಇಲ್ಲ, ಜ್ವರ ಇಲ್ಲ. ಪೇಪರ್ ಓದುತ್ತಾ ಕೂತಿದ್ದೆ, ಬಂತು. ಆ ಸಾಲಿನ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದ್ದೇನೆ. ಅದು ಇನ್ನೂ ಹಾಗೇ ಇದೆ.

ಈ ಮಂಗಳವಾರದ್ದನ್ನು ಹಿಡಿದುಕೊಂಡೇ ಡಾಕ್ಟರ ಜೊತೆ ಜಗಳಕ್ಕೆ ಹೋದ ಹಾಗೆ ಹೋದೆ. ಅವರು ಹೇಳಿದ ಮಾತು: "ಕಿಡಿಯನ್ನೇ ಲೆಕ್ಕ ಹಾಕುತ್ತಿದ್ದೀರಿ. ಹಸಿ ಕಟ್ಟಿಗೆಗೆ ಎಷ್ಟು ಕಿಡಿ ಬಿದ್ದರೂ ಹೊತ್ತಿಕೊಳ್ಳುವುದಿಲ್ಲ. ನಿಮ್ಮ ಕಟ್ಟಿಗೆ ಒಣಗಿದೆ, ಅದನ್ನು ನೋಡಿ." ಕಿಡಿ ಎಲ್ಲರ ಹೃದಯದಲ್ಲೂ ಹಾರುತ್ತಿರುತ್ತದೆ. ಬಹಳಷ್ಟು ಸಲ ಅದು ಹಾರುವುದು ಶ್ವಾಸಕೋಶದಿಂದ ಎಡ ಕೋಣೆಗೆ ರಕ್ತ ತರುವ ನಾಲ್ಕು ರಕ್ತನಾಳಗಳ ಬಾಯಿಯಿಂದ. ಇದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋದ ಡಾಕ್ಟರುಗಳು 45 ರೋಗಿಗಳಲ್ಲಿ ತೋರಿಸಿಕೊಟ್ಟರು, ಆ ಬಾಯಿಗಳ ಸುತ್ತ ಗಾಯದ ಬೇಲಿ ಹಾಕಿ ಕಿಡಿಯನ್ನು ತಡೆಯುವ ಇವತ್ತಿನ ಅಬ್ಲೇಷನ್ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಕಟ್ಟಿಗೆ ಒಣಗಿಸುವುದು ಬೇರೆ: ಹಿಡಿತಕ್ಕೆ ಸಿಗದ ಬಿಪಿ, ತೂಕ, ಆಪ್ನಿಯಾ, ಸಕ್ಕರೆ, ವಯಸ್ಸು. ಅದರ ಮೇಲೆ ಏಫಿಬ್ ತಾನೇ ತನಗೆ ದಾರಿ ಮಾಡಿಕೊಡುತ್ತದೆ. 1995ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೇಕೆಗಳ ಮೇಲೆ ಇದನ್ನು ನೋಡಿದ್ದರು. ಯಂತ್ರದಿಂದ ಮತ್ತೆ ಮತ್ತೆ ಏಫಿಬ್ ಬರಿಸಿದರೆ, ಮೊದಲು ಕೆಲವು ಸೆಕೆಂಡು ಇದ್ದದ್ದು ದಿನ ಕಳೆದ ಹಾಗೆ ಉದ್ದವಾಗಿ, ಕೊನೆಗೆ ನಿಲ್ಲದೇ ಹೋಗುತ್ತಿತ್ತು. ಇದನ್ನು ಕೇಳಿ ಹೆದರಿದೆ. ಆ ಹೆದರಿಕೆ ಉಪಯೋಗಕ್ಕೂ ಬಂತು.

ಮುಂದಿನ ಕೆಲಸಗಳು ಕಾಫಿ ಬಿಟ್ಟಷ್ಟು ಸುಲಭ ಇರಲಿಲ್ಲ. ರಾತ್ರಿ ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಂತು. ಮೊದಲ ವಾರ ನಡುರಾತ್ರಿ ಅದನ್ನು ಕಿತ್ತು ಎಸೆದು ಮಲಗುತ್ತಿದ್ದೆ, ಬೆಳಿಗ್ಗೆ ಮಾಸ್ಕ್ ಮಂಚದ ಕೆಳಗೆ ಸಿಗುತ್ತಿತ್ತು. ಮಾಸ್ಕ್ ಎರಡು ಸಲ ಬದಲಾಯಿಸಿದೆ. ಒಂದೂವರೆ ತಿಂಗಳು ಹಿಡಿಯಿತು ಅಭ್ಯಾಸ ಆಗಲು. ಮದ್ಯ ಪೂರ್ತಿ ನಿಲ್ಲಿಸಿದೆ. ಬಿಡುವುದಕ್ಕಿಂತ ಪಾರ್ಟಿಗಳಲ್ಲಿ ಯಾಕೆ ಬೇಡ ಅಂತ ವಿವರಿಸುವುದೇ ಸುಸ್ತು, "ಮಾತ್ರೆ ನಡೆಯುತ್ತಿದೆ" ಅಂದರೆ ಯಾರೂ ಮುಂದೆ ಕೇಳುವುದಿಲ್ಲ. ತೂಕ 84ರಿಂದ 77ಕ್ಕೆ ಇಳಿಸಲು ಹತ್ತು ತಿಂಗಳು ಬೇಕಾಯಿತು. ಆಸ್ಟ್ರೇಲಿಯಾದ ಅಡಿಲೇಡ್‌ನವರು 2015ರಲ್ಲಿ ಪ್ರಕಟಿಸಿದ ಪ್ರಕಾರ ತೂಕದ 10 ಶೇಕಡ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿ ಉಳಿಸಿಕೊಂಡವರು ಏಫಿಬ್ ಇಲ್ಲದೆ ಇರುವ ಸಾಧ್ಯತೆ ಆರು ಪಟ್ಟು. ನನ್ನದು 8 ಶೇಕಡ, ಇನ್ನೂ ಒಂದೂವರೆ ಕಿಲೋ ಬಾಕಿ. ಅದೇ ಇಳಿಯುತ್ತಿಲ್ಲ, ಹಟ ಹಿಡಿದು ಕೂತಿದೆ.

ಈ ಹತ್ತು ತಿಂಗಳಲ್ಲಿ ಎರಡು ಸಲ ಬಂತು. ಎರಡೂ ಎರಡು ಗಂಟೆಯೊಳಗೆ ತಾನಾಗಿಯೇ ನಿಂತವು. ಮಾತ್ರೆಯೂ ನಡೆಯುತ್ತಿದೆ, ಆದ್ದರಿಂದ ಯಶಸ್ಸು ಯಾವುದರದ್ದು ಅಂತ ನಾನು ಹೇಳಲಾರೆ. ಒಂದು ವಿಷಯ ಮಾತ್ರ ಜೋರಾಗಿ ಹೇಳುತ್ತೇನೆ, ಯಾಕೆಂದರೆ ಪರಿಚಯದವರೊಬ್ಬರು ಈ ತಪ್ಪು ಮಾಡಿದ್ದಾರೆ: ಕಾರಣ ಸಿಕ್ಕಿತು, ಈಗ ಬರುತ್ತಿಲ್ಲ ಅಂತ ರಕ್ತ ತೆಳು ಮಾಡುವ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಅದು ಬೇಕೋ ಬೇಡವೋ ಅನ್ನುವುದು ಎಷ್ಟು ಸಲ ಬಂತು ಅನ್ನುವುದಕ್ಕಿಂತ ಆ ಸ್ಕೋರಿನ ಮೇಲೆ ನಿಂತಿದೆ. ಎಷ್ಟೋ ಏಫಿಬ್ ನಮಗೆ ಗೊತ್ತೇ ಆಗದೆ ಬಂದು ಹೋಗುತ್ತದೆ. ಎದೆನೋವು, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಬಲ ಹೋಗುವುದು, ಇವುಗಳಲ್ಲಿ ಯಾವುದಾದರೂ ಆದರೆ ಪುಸ್ತಕ ಬರೆಯುತ್ತಾ ಕೂರಬಾರದು, ಓಡಬೇಕು.

ಕಾಫಿ ವಾಪಸ್ ಬಂದಿದೆ. ಬೆಳಿಗ್ಗೆ ಎರಡು ಲೋಟ, ಮಧ್ಯಾಹ್ನದ ಮೇಲೆ ಇಲ್ಲ, ಆ 36 ನಿಮಿಷದ ನಿದ್ದೆಯ ಲೆಕ್ಕಕ್ಕೆ. ಮುಂದಿನ ತಿಂಗಳು ಅಬ್ಲೇಷನ್ ಬೇಕಾ ಅಂತ ಮಾತಾಡಲು ಹೋಗಬೇಕು, ಪುಸ್ತಕವನ್ನೂ ತೆಗೆದುಕೊಂಡು ಹೋಗುತ್ತೇನೆ. ಹೆಂಡತಿಯ ಕಾಲಮ್‌ನಲ್ಲಿ ಈಗ ಹೆಚ್ಚಿನ ದಿನ ಒಂದು ಗೆರೆ ಅಷ್ಟೇ ಇರುತ್ತದೆ. ಮೊನ್ನೆ ಮಾತ್ರ ಬರೆದಿದ್ದಳು: "ಯಂತ್ರದ ಸದ್ದಿಗೆ ನನಗೇ ನಿದ್ದೆ ಬರಲಿಲ್ಲ."